ಆಲದ ನೆರಳಿನ ಮರ

ದೊಡ್ಡ ಆಲದ ಮರದ ಕೆಳಗೆ ಬೇರೊಂದು ಮರ ಏಳಿಗೆಗೆ ಬರುವುದು ಕಷ್ಟ. ಮಣ್ಣು ಒಳ್ಳೆಯದಾಗಿದ್ದರೂ ಬೇರು ಗಟ್ಟಿಯಾಗಿದ್ದರೂ ಬಿಸಿಲೆಲ್ಲ ಹಿರಿಯ ಮರದ ಪಾಲಾಗುತ್ತದೆ. ಮನುಷ್ಯರ ಕೀರ್ತಿಯ ವಿಷಯದಲ್ಲಿಯೂ ಇದು ಹಲವೊಮ್ಮೆ ಸತ್ಯವಾಗುತ್ತದೆ. ಜನಪ್ರಿಯನಾದ ವೀರನೊಬ್ಬನ ಬೆನ್ನಿಗೇ ಬಂದವನನ್ನು ಲೋಕ ಅವನ ಕೆಲಸದಿಂದ ಅಳೆಯುವುದಿಲ್ಲ. ಹಿಂದಿನವನ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತದೆ. ಅಮೆರಿಕದ ಮುಷ್ಟಿಯುದ್ಧ ಪಟು ಲ್ಯಾರಿ ಹೋಮ್ಸ್‌ನ ಜೀವನ ಇದಕ್ಕೆ ನಿದರ್ಶನ. ಅವನಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿಚಾರ ಮಾಡೋಣ.

ಹೋಮ್ಸ್ ಹುಟ್ಟಿದ್ದು 1949ರಲ್ಲಿ, ಜಾರ್ಜಿಯ ರಾಜ್ಯದಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯದ ಈಸ್ಟನ್ ಎಂಬ ಪಟ್ಟಣದಲ್ಲಿ. ಹನ್ನೆರಡು ಮಕ್ಕಳ ಬಡ ಕರಿಯ ಕುಟುಂಬ ಅವನದು. ಏಳನೆಯ ತರಗತಿಗೇ ಶಾಲೆ ಬಿಟ್ಟು, ಕಾರು ತೊಳೆಯುವ ಕೆಲಸಕ್ಕೆ ನಿಂತ. ಮುಂದೆ ಬಾಕ್ಸಿಂಗ್ ಕಲಿತು ವೃತ್ತಿಗೆ ಇಳಿದಾಗಲೂ ಅವನಿಗೆ ದೊರೆತದ್ದು ಹಿನ್ನೆಲೆಯ ಪಾತ್ರವೇ. ಮಹಮ್ಮದ್ ಅಲಿ, ಜೋ ಫ್ರೇಜಿಯರ್ ಮೊದಲಾದ ಪ್ರಸಿದ್ಧರ ಅಭ್ಯಾಸಕ್ಕೆ ಎದುರಾಳಿಯಾಗಿ ನಿಂತು, ಅವರ ಏಟುಗಳನ್ನು ಸಹಿಸುವುದು ಆ ಕೆಲಸ. ಸಹಿಸುತ್ತ ಸಹಿಸುತ್ತಲೇ ಅವನು ವಿದ್ಯೆಯನ್ನೂ ಕಲಿತುಕೊಂಡ.

1978ರ ಜೂನ್ 9ರಂದು ಕೆನ್ ನಾರ್ಟನ್‌ನೊಡನೆ ನಡೆದ ಸೆಣಸಿನಲ್ಲಿ ಅವನು ವಿಶ್ವ ಬಾಕ್ಸಿಂಗ್ ಮಂಡಳಿಯ ಹೆವಿವೇಯ್ಟ್ ಪ್ರಶಸ್ತಿಯನ್ನು ಪಡೆದನು. ಗಾಯಗೊಂಡಿದ್ದ ಎಡತೋಳಿನಿಂದಲೇ ಹದಿನೈದು ಸುತ್ತು ಹೋರಾಡಬೇಕಾಯಿತು. ಇಬ್ಬರು ತೀರ್ಪುಗಾರರು ಹೋಮ್ಸ್‌ಗೆ ಒಂದಂಕ ಹೆಚ್ಚು ಕೊಟ್ಟರು. ಮೂರನೆಯವರು ನಾರ್ಟನ್‌ಗೆ ಒಂದಂಕ ಹೆಚ್ಚು ಕೊಟ್ಟರು. ಕೊನೆಯ ಸುತ್ತಿನಲ್ಲಿ ಇಬ್ಬರೂ ಶಕ್ತಿಯ ಕೊನೆಯ ತುಣುಕನ್ನೂ ಉಳಿಸಿಕೊಳ್ಳದೆ ಕಾದಿದರು. ಹೆವಿವೇಯ್ಟ್ ಇತಿಹಾಸದ ಶ್ರೇಷ್ಠ ಸುತ್ತುಗಳಲ್ಲಿ ಅದನ್ನೂ ಎಣಿಸುತ್ತಾರೆ.

ಅಂದು ಗೆದ್ದ ಪಟ್ಟವನ್ನು ಅವನು ಏಳು ವರ್ಷಗಳ ಕಾಲ, ಇಪ್ಪತ್ತು ಬಾರಿ ಉಳಿಸಿಕೊಂಡನು. ಒಂದೇ ಅವಧಿಯಲ್ಲಿ ಇದಕ್ಕಿಂತ ಹೆಚ್ಚು ಬಾರಿ ಹೆವಿವೇಯ್ಟ್ ಪಟ್ಟವನ್ನು ಕಾಯ್ದುಕೊಂಡವನು 25 ಬಾರಿ ಗೆದ್ದ ಜೋ ಲೂಯಿಸ್ ಒಬ್ಬನೇ. ಹೋಮ್ಸ್‌ನ ಮುಖ್ಯ ಆಯುಧವೆಂದರೆ ಜ್ಯಾಬ್ ಎಂದು ಕರೆಯುವ ಎಡಗೈಯ ನೇರ ಹೊಡೆತ. ಅದು ನೋಡುವವರ ಕಣ್ಣು ಕೋರೈಸುವಂಥದಲ್ಲ. ರೈತ ನೇಗಿಲು ಹಿಡಿದಂತೆ, ನೇಕಾರ ಲಾಳಿ ಎಸೆದಂತೆ, ಮತ್ತೆ ಮತ್ತೆ ಮಾಡಬೇಕಾದ ಕೆಲಸ. ಆದರೆ ಎದುರಾಳಿಯ ಲೆಕ್ಕಾಚಾರವನ್ನು ತಪ್ಪಿಸಿ ಅವನನ್ನು ದೂರದಲ್ಲೇ ತಡೆದು ನಿಲ್ಲಿಸುವುದು ಆ ಹೊಡೆತವೇ. ಅಪಾಯ ಬಂದಾಗ ಹೋಮ್ಸ್ ಕುಗ್ಗುತ್ತಲೂ ಇರಲಿಲ್ಲ. 1979ರಲ್ಲಿ ಅರ್ನಿ ಶೇವರ್ಸ್‌ನ ಭೀಕರ ಏಟಿಗೆ ಏಳನೆಯ ಸುತ್ತಿನಲ್ಲಿ ನೆಲಕ್ಕುರುಳಿದವನು ಎದ್ದು ನಿಂತು, ಹನ್ನೊಂದನೆಯ ಸುತ್ತಿನಲ್ಲಿ ಜಯ ಪಡೆದನು.

ಇಷ್ಟಿದ್ದೂ ಜನ ಅವನನ್ನು ಏಕೆ ಮೆಚ್ಚಲಿಲ್ಲ? ಅದಕ್ಕೆ ಉತ್ತರ 1980ರ ಅಕ್ಟೋಬರ್ 2ರ ಸ್ಪರ್ಧೆಯಲ್ಲಿದೆ. ಎರಡು ವರ್ಷ ಕಣದಿಂದ ದೂರವಿದ್ದ ಅಲಿ, 38ರ ವಯಸ್ಸಿನಲ್ಲಿ ತನ್ನ ಹಳೆಯ ಜೊತೆಗಾರನ ಎದುರು ಬಂದು ನಿಂತನು. ಅವನ ಕಾಲುಗಳಲ್ಲಿ ಚುರುಕಿರಲಿಲ್ಲ, ಕೈಗಳಲ್ಲಿ ವೇಗವಿರಲಿಲ್ಲ. ಹತ್ತನೆಯ ಸುತ್ತು ಮುಗಿದಾಗ ಅಲಿಯ ಕಡೆಯವರೇ ಹೋರಾಟವನ್ನು ನಿಲ್ಲಿಸಿದರು. ಗೆದ್ದ ಹೋಮ್ಸ್ ಕಣ್ಣೀರಿಟ್ಟನು. ಇಂಥ ಯುದ್ಧದಲ್ಲಿ ಅವನಿಗೆ ಲಾಭವೆಲ್ಲಿಂದ ಬರಬೇಕು? ಸೋತಿದ್ದರೆ ಮುದುಕನಿಗೆ ಸೋತವನೆಂಬ ಅಪಹಾಸ್ಯ. ಗೆದ್ದರೆ ಜನರ ಆರಾಧ್ಯನನ್ನು ಹೊಡೆದವನೆಂಬ ಮುನಿಸು. ಜನ ಅಲಿಯ ಮುಪ್ಪನ್ನು ಕಂಡು ಮರುಗಿದರು. ಆ ದುಃಖವನ್ನು ಹೋಮ್ಸ್‌ನ ಮೇಲೆ ಹೊರಿಸಿದರು.

ಎರಡು ವರ್ಷಗಳ ಬಳಿಕ ಬಿಳಿಯ ಸ್ಪರ್ಧಿ ಜೆರಿ ಕೂನಿಯೊಡನೆ ಕಾದಾಟ ಏರ್ಪಟ್ಟಾಗ ಆಟಕ್ಕಿಂತ ಬಣ್ಣದ ಮಾತೇ ಹೆಚ್ಚಾಯಿತು. ಕಣದಲ್ಲಿ ಚಾಂಪಿಯನ್ನನ ಹೆಸರನ್ನು ಕೊನೆಗೆ ಕರೆಯುವುದು ಸಂಪ್ರದಾಯ. ಅಂದು ಹೋಮ್ಸ್‌ನ ಹೆಸರನ್ನು ಮೊದಲು ಕರೆದರು. ಅವನು ಹದಿಮೂರನೆಯ ಸುತ್ತಿನಲ್ಲಿ ಗೆದ್ದನು. ಜನರು ದ್ವೇಷವನ್ನು ಬೆಳೆಸಲು ನೋಡಿದರೂ ಆ ಇಬ್ಬರು ಮುಂದೆ ಸ್ನೇಹಿತರಾದರು.

ಪ್ರತಿಪಕ್ಷದ ಮಾತನ್ನೂ ಕೇಳುವುದು ನ್ಯಾಯ. ಹೋಮ್ಸ್‌ನ ಕಾಲದ ಎದುರಾಳಿಗಳು ಅಲಿಯ ಕಾಲದವರಷ್ಟು ಬಲಶಾಲಿಗಳಲ್ಲವೆಂಬ ಆಕ್ಷೇಪವಿದೆ. 1983ರಲ್ಲಿ ಟಿಮ್ ವಿದರ್‌ಸ್ಪೂನ್, 1985ರಲ್ಲಿ ಕಾರ್ಲ್ ವಿಲಿಯಮ್ಸ್ ಅವನನ್ನು ಸೋಲಿನ ಅಂಚಿಗೆ ತಂದಿದ್ದರು. ಅವರಿಗೆ ಅವನು ಎರಡನೆಯ ಅವಕಾಶ ಕೊಡಲಿಲ್ಲ. ಈ ಮಾತುಗಳಲ್ಲಿ ಹುರುಳಿದೆ. ಆದುದರಿಂದ ಅವನನ್ನು ಅಲಿ, ಜೋ ಲೂಯಿಸರಿಗಿಂತ ಮೇಲೆಂದು ಹೇಳಲು ನಾನು ಸಿದ್ಧನಿಲ್ಲ. ಆದರೆ ತನ್ನ ಕಾಲದ ಎದುರಾಳಿಗಳನ್ನು ಯಾರೂ ತಾವೇ ಸೃಷ್ಟಿಸಿಕೊಳ್ಳಲಾರರು. ಏಳು ವರ್ಷ ಎದುರಾದವರನ್ನೆಲ್ಲ ಗೆದ್ದದ್ದು ಅದೃಷ್ಟದ ಮಾತಲ್ಲ.

ಅವನ ನಾಲಿಗೆಯೂ ಅವನಿಗೆ ಹಾನಿ ಮಾಡಿತು. ಒಂದೂ ಸೋಲಿಲ್ಲದೆ 49 ಪಂದ್ಯ ಗೆದ್ದು 1956ರಲ್ಲಿ ನಿವೃತ್ತನಾದ ರಾಕಿ ಮಾರ್ಸಿಯಾನೋನ ದಾಖಲೆಯನ್ನು ಸರಿಗಟ್ಟಲು ಹೋಮ್ಸ್‌ಗೆ ಇನ್ನೊಂದೇ ಗೆಲುವು ಬೇಕಾಗಿತ್ತು. 1985ರ ಸೆಪ್ಟೆಂಬರ್ 21ರಂದು ಅವನು ಮೈಕಲ್ ಸ್ಪಿಂಕ್ಸ್‌ಗೆ ಸೋತನು. ನೋವಿನ ಭರದಲ್ಲಿ ತೀರಿಹೋಗಿದ್ದ ಮಾರ್ಸಿಯಾನೋನನ್ನು ಹೀನಾಯವಾಗಿ ನಿಂದಿಸಿದನು. ಆ ಬಳಿಕ ಕ್ಷಮೆ ಕೇಳಿದರೂ ಜನ ನೆನಪಿಟ್ಟುಕೊಂಡದ್ದು ನಿಂದೆಯನ್ನು, ಕ್ಷಮೆಯನ್ನಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಗಾದೆ ಎಲ್ಲ ದೇಶಗಳಿಗೂ ಅನ್ವಯಿಸುತ್ತದೆ.

ಇನ್ನು ಮುಪ್ಪಿನ ಪ್ರಶ್ನೆ. 1988ರಲ್ಲಿ 38 ವರ್ಷದ ಹೋಮ್ಸ್, 21 ವರ್ಷದ ಮೈಕ್ ಟೈಸನ್‌ನೆದುರು ನಾಲ್ಕೇ ಸುತ್ತುಗಳಲ್ಲಿ ನೆಲ ಕಚ್ಚಿದನು. ಹಲವರ ಮನಸ್ಸಿನಲ್ಲಿ ಉಳಿದಿರುವುದು ಆ ಚಿತ್ರವೊಂದೇ. ಆದರೆ ಅದೇ ಹೋಮ್ಸ್ 1992ರಲ್ಲಿ, 42ರ ವಯಸ್ಸಿನಲ್ಲಿ, ಅಜೇಯನಾಗಿದ್ದ ಒಲಿಂಪಿಕ್ ಸ್ವರ್ಣ ವಿಜೇತ ರೇ ಮರ್ಸರ್‌ನನ್ನು ಅನುಭವದ ಬಲದಿಂದ ಸೋಲಿಸಿದನು. 45ರಲ್ಲಿಯೂ ವಿಶ್ವಪ್ರಶಸ್ತಿಗಾಗಿ ಆಲಿವರ್ ಮೆಕ್ಕಾಲ್‌ನೊಡನೆ ಸೆಣಸಿ, ಅಲ್ಪ ಅಂತರದಲ್ಲಿ ಸೋತನು. 2002ರಲ್ಲಿ ಕಡೆಯ ಬಾರಿ ಕಣಕ್ಕಿಳಿದಾಗ ಅವನಿಗೆ 52 ವರ್ಷ. ಒಟ್ಟು 75 ಪಂದ್ಯಗಳು, 69 ಜಯಗಳು, 6 ಸೋಲುಗಳು. ಆ ಆರೂ ಸೋಲುಗಳು ಮೂವತ್ತೈದು ದಾಟಿದ ಮೇಲೆ ಬಂದವೆಂಬುದನ್ನು ಗಮನಿಸಬೇಕು. ತಲೆಗೆ ಏಟು ಬೀಳುವ ಈ ಕ್ರೀಡೆಯಲ್ಲಿ ಅಷ್ಟು ಕಾಲ ಉಳಿಯುವುದು ವಿವೇಕವೇ ಎಂದು ಕೇಳಬಹುದು; ಅದು ಉಚಿತವಾದ ಪ್ರಶ್ನೆ. ಆದರೆ ಸಂಜೆಯ ಮಬ್ಬನ್ನು ತೋರಿಸಿ ಮಧ್ಯಾಹ್ನದ ಬಿಸಿಲೇ ಇರಲಿಲ್ಲವೆನ್ನುವುದು ಉಚಿತವಲ್ಲ.

2008ರಲ್ಲಿ ಅವನ ಹೆಸರು ಅಂತರರಾಷ್ಟ್ರೀಯ ಬಾಕ್ಸಿಂಗ್ ಗೌರವ ಭವನವನ್ನು ಸೇರಿತು. 2015ರಲ್ಲಿ ಈಸ್ಟನ್‌ನಲ್ಲಿ ಅವನ ಪ್ರತಿಮೆ ನಿಂತಿತು. ಬಲ್ಲವರು ಅವನ ಬೆಲೆಯನ್ನು ಅರಿತಿದ್ದಾರೆ. ಸಾಮಾನ್ಯ ಜನರು ಇನ್ನೂ ಅರಿಯಬೇಕಾಗಿದೆ. ನಾವು ಒಬ್ಬನನ್ನು ಪ್ರೀತಿಸುವುದು ತಪ್ಪಲ್ಲ. ಆ ಪ್ರೀತಿಯ ಕಾರಣದಿಂದ ಇನ್ನೊಬ್ಬನ ದುಡಿಮೆಗೆ ಕಡಮೆ ತೂಕ ಹಾಕುವುದು ತಪ್ಪು. ತರಗತಿಯಲ್ಲಾಗಲಿ ಆಟದ ಬಯಲಿನಲ್ಲಾಗಲಿ, ಅಣ್ಣನ ಬಳಿಕ ಬಂದ ತಮ್ಮನನ್ನು ಅಣ್ಣನಂತಿಲ್ಲವೆಂದು ಹಳಿಯುವ ಮೊದಲು, ತಮ್ಮನು ತಾನು ಮಾಡಿದುದೇನೆಂಬುದನ್ನು ನೋಡುವ ತಾಳ್ಮೆ ನಮ್ಮಲ್ಲಿರಬೇಕು.