ಅಜ್ಜನ ಸೈಕಲ್ಲಿಗೆ ಬರ್ಮಿಂಗ್‌ಹ್ಯಾಮ್ ಅಂಟಿಸಿದ ಕತೆ

'ಒರಿಜಿನಲ್ ಡಿಕಾಲ್ ಇದೆ, ಹೊಚ್ಚ ಹೊಸದು.' ಹಳೇ ಸೈಕಲ್ಲುಗಳ ಮೋಹಿಗಳ ನಡುವೆ ಓಡಾಡುವವರು ಈ ಮಾತನ್ನು ಕೇಳಿಯೇ ಇರುತ್ತಾರೆ. ಒಂದು ವಸ್ತು ಒರಿಜಿನಲ್ಲೂ ಆಗಿ ಹೊಚ್ಚ ಹೊಸದೂ ಆಗಿರುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಹಾಗಾಗಿ ಈ ಬರಹ ಅರ್ಧ ತಪ್ಪೊಪ್ಪಿಗೆ, ಅರ್ಧ ತಕರಾರು.

ಡಿಕಾಲ್ ಎಂದರೆ ಸೈಕಲ್ಲಿನ ಫ್ರೇಮಿನ ಮೇಲೆ ಕಂಪನಿಯ ಹೆಸರು, ಲಾಂಛನ, ಊರು ಹೊತ್ತು ಕೂತ ತೆಳುವಾದ ಚಿತ್ರ. ಈಗಿನ ಪ್ಲಾಸ್ಟಿಕ್ ಸ್ಟಿಕ್ಕರ್ ಅಲ್ಲ. ಅಂಟು ಸವರಿದ ಕಾಗದದ ಮೇಲೆ ಅಚ್ಚು ಮಾಡಿದ ಚಿತ್ರವನ್ನು ನೀರಲ್ಲಿ ನೆನೆಸಿ ಫ್ರೇಮಿನ ಮೇಲಕ್ಕೆ ಜಾರಿಸುವುದು ಒಂದು ಕ್ರಮ. ವಾರ್ನಿಷ್ ಹಚ್ಚಿ, ಚಿತ್ರವನ್ನು ಮಗುಚಿ ಅಂಟಿಸಿ, ಹಿಂದಿನ ಕಾಗದವನ್ನು ಒದ್ದೆ ಮಾಡಿ ಬಿಡಿಸುವುದು ಇನ್ನೊಂದು. ವಾರ್ನಿಷ್ ವರ್ಷ ಕಳೆದಂತೆ ಹಳದಿಗಟ್ಟುತ್ತದೆ, ಬಂಗಾರದ ಅಕ್ಷರಗಳು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ನಾಲ್ಕು ಸಲ ಉಜ್ಜಿದರೆ ಸಾಕು, ಅರವತ್ತು ವರ್ಷ ಬಾಳಿದ್ದು ಬಟ್ಟೆಗೆ ಬಂದುಬಿಡುತ್ತದೆ.

ನನ್ನ ವಿಷಯದಲ್ಲಿ ಆಗಿದ್ದೂ ಅದೇ. ನಮ್ಮಜ್ಜನ ಹರ್ಕ್ಯುಲಿಸ್ ಕೊಟ್ಟಿಗೆಯ ಮೂಲೆಯಲ್ಲಿ ಒರಗಿಕೊಂಡಿತ್ತು. ಬಾರಿನ ಮೇಲಿನ ಹೆಸರಿನಲ್ಲಿ ಅರ್ಧ ಹೋಗಿತ್ತು. ಸೀಟಿನ ಕೆಳಗಿನ ಪೈಪಿನ ಮೇಲೆ ಅದನ್ನು ಮಾರಿದ ಅಂಗಡಿಯವರ ಪುಟ್ಟ ಚೀಟಿ, ಅದರಲ್ಲಿ ಊರಿನ ಹೆಸರಷ್ಟೇ ಉಳಿದಿತ್ತು. ಚೈನ್ ಕವರಿನ ಮೇಲೆ ಯಾರೋ ಪೇಂಟರು ಬಿಳಿ ಬಣ್ಣದಲ್ಲಿ ಅಜ್ಜನ ಹೆಸರು ಬರೆದಿದ್ದರು, ಒತ್ತಕ್ಷರ ಸ್ವಲ್ಪ ಕೆಳಗೆ ಜಾರಿತ್ತು. ನಾನು ಇದೆಲ್ಲವನ್ನೂ 'ಕೊಳೆ' ಎಂದುಕೊಂಡೆ. ಬಣ್ಣ ಕೆರೆಸಿದೆ, ಕಪ್ಪು ಹೊಡೆಸಿದೆ, ಆನ್‌ಲೈನಿನಲ್ಲಿ 'ಅಥೆಂಟಿಕ್' ಡಿಕಾಲ್ ಸೆಟ್ ತರಿಸಿ ಅಂಟಿಸಿದೆ. ಅದರಲ್ಲಿ ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡ್ ಎಂದು ಮುದ್ದಾಗಿ ಬರೆದಿತ್ತು. ಫೋಟೋ ನೋಡಿದವರೆಲ್ಲ ಹೊಗಳಿದರು. ಅಜ್ಜಿ ಮಾತ್ರ ಚೈನ್ ಕವರಿನ ಮೇಲೆ ಕೈಯಾಡಿಸಿ, 'ಚೆನ್ನಾಗದೆ ಮಗ, ಯಾರ್ದು ಇದು?' ಅಂದಳು.

ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಾನು ಅಂಟಿಸಿದ್ದು ಸುಳ್ಳು ಎಂದೂ ತಿಳಿಯಿತು. ಹರ್ಕ್ಯುಲಿಸ್ ಹುಟ್ಟಿದ್ದು 1910ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ, ನಿಜ. ಆದರೆ 1946ರಲ್ಲಿ ಅದು ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯ ಪಾಲಾಯಿತು. ಆ ಕಂಪನಿ 1949ರಲ್ಲಿ ಮದ್ರಾಸಿನ ಮುರುಗಪ್ಪ ಮನೆತನದೊಂದಿಗೆ ಸೇರಿ ಟಿಐ ಸೈಕಲ್ಸ್ ಆಫ್ ಇಂಡಿಯಾ ಕಟ್ಟಿತು. ಅಂಬತ್ತೂರಿನ ಕಾರ್ಖಾನೆಯಲ್ಲಿ ನಮ್ಮ ಹರ್ಕ್ಯುಲಿಸ್‌ಗಳು ತಯಾರಾಗತೊಡಗಿದವು. 1960ರಲ್ಲಿ ನಾಟಿಂಗ್‌ಹ್ಯಾಮ್‌ನ ರ್ಯಾಲಿ ಕೂಡ ಅದೇ ಕಂಪನಿಯೊಳಗೆ ಬಂತು. ಆಮೇಲೆ ಇಂಗ್ಲೆಂಡಿನ ಹರ್ಕ್ಯುಲಿಸ್ ನಾಟಿಂಗ್‌ಹ್ಯಾಮ್‌ನಲ್ಲೇ ತಯಾರಾಯಿತು. ಹೆಸರು ಒಂದೇ, ಊರು ಮೂರು. ಅಜ್ಜ ಮದುವೆಯಾದ ಮೇಲೆ ಅರವತ್ತರ ದಶಕದಲ್ಲಿ ಕೊಂಡ ಸೈಕಲ್ಲು ಅಂಬತ್ತೂರಿನದು. ಅಲ್ಲಿನ ಕಾರ್ಮಿಕರು ಬೆಸುಗೆ ಹಾಕಿದ ಫ್ರೇಮಿಗೆ ನಾನು ಬರ್ಮಿಂಗ್‌ಹ್ಯಾಮ್‌ನ ಜನಿವಾರ ತೊಡಿಸಿದ್ದೆ.

ಇದು ನನ್ನೊಬ್ಬನ ಪೆದ್ದುತನ ಎಂದು ಬಿಡಬಹುದಿತ್ತು. ಆದರೆ ಇದರ ಹಿಂದೆ ಒಂದು ರುಚಿಯಿದೆ. 'ಮೇಡ್ ಇನ್ ಇಂಗ್ಲೆಂಡ್' ಎಂದಿದ್ದರೆ ಪರಂಪರೆ, 'ಮೇಡ್ ಇನ್ ಇಂಡಿಯಾ' ಎಂದಿದ್ದರೆ ಗುಜರಿ! ಹಾಲಿನ ಕ್ಯಾನು, ಅಂಚೆಯ ಚೀಲ, ಮೇಷ್ಟರ ಟಿಫಿನ್ ಬಾಕ್ಸು ಹೊತ್ತು ತಿರುಗಿದ್ದಕ್ಕಿಂತ ಕಂಡಿಲ್ಲದ ಊರಿನ ಹೆಸರು ಹೊತ್ತಿದ್ದೇ ದೊಡ್ಡದು. ಅಥೆಂಟಿಕ್ ಎಂಬ ಮಾತಿನ ಹೆಸರಿನಲ್ಲಿ ನಾವು ನಮ್ಮದೇ ಚರಿತ್ರೆಯನ್ನು ಥಿನ್ನರಿನಿಂದ ಒರೆಸುತ್ತಿದ್ದೇವೆ.

ನಾಚಿಕೆಯ ವಿಷಯವೆಂದರೆ ನಾನು ಓದುತ್ತಿರುವುದೇ ಗ್ರಂಥಸಂಪಾದನೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ನನ್ನ ಮೇಜಿನ ಮೇಲೆಯೇ ಇರುತ್ತದೆ. ಲಿಪಿಕಾರ ತಪ್ಪು ಬರೆದಿದ್ದಾನೆಂದು ಯಾವ ಸಂಪಾದಕನೂ ಓಲೆಗರಿಯನ್ನು ಕೆರೆದು ತಿದ್ದುವುದಿಲ್ಲ. ಪ್ರತಿ ಹಾಗೆಯೇ ಇರುತ್ತದೆ. ತಿದ್ದುಪಡಿ ಮುದ್ರಿತ ಪುಟಕ್ಕೆ ಬರುತ್ತದೆ, ಪಾಠಾಂತರ ಅಡಿಟಿಪ್ಪಣಿಗೆ ಹೋಗುತ್ತದೆ. ಗರಿ ಮುರಿದಲ್ಲಿ 'ಗ್ರಂಥಪಾತ' ಎಂದು ಬರೆದು ಜಾಗ ಬಿಡುತ್ತೇವೆ. ಲಿಪಿಕಾರನ ಸ್ಖಾಲಿತ್ಯವೂ ನಮಗೆ ಸಾಕ್ಷಿಯೇ. ಸೈಕಲ್ಲಿನ ಮೇಲಿನ ಅಂಗಡಿಯವನ ಚೀಟಿ, ಜಾರಿದ ಒತ್ತಕ್ಷರ, ಸವೆದ ಲಾಂಛನ ಕೂಡ ಅಂಥ ಸಾಕ್ಷಿಗಳು. ಕಾಲು ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ ಆ ಸೈಕಲ್ಲನ್ನು ಹೇಗೆ ತುಳಿದರೆಂದು ಹೇಳುತ್ತದೆ. ಹಗಲೆಲ್ಲ ಗ್ರಂಥಾಲಯದಲ್ಲಿ ಈ ಶಿಸ್ತು ಕಲಿತವನು ಸಂಜೆ ಬಣ್ಣದಂಗಡಿಗೆ ಹೋಗಿ ಏಕೈಕ ಹಸ್ತಪ್ರತಿಯನ್ನು ಕೆರೆಸಿ ಬಂದೆ.

'ಹಾಗಾದರೆ ತುಕ್ಕು ತಿನ್ನಲು ಬಿಡಬೇಕೇ?' ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತುಕ್ಕು ಸಾಕ್ಷಿಯನ್ನೇ ತಿನ್ನುತ್ತದೆ, ಅದನ್ನು ತಡೆಯಲೇಬೇಕು. ಆದರೆ ತಡೆಯುವುದು ಬೇರೆ, ಅಳಿಸಿ ಹೊಸದು ಬರೆಯುವುದು ಬೇರೆ. ಮೆತ್ತನೆಯ ಬಟ್ಟೆ, ತೆಳು ಎಣ್ಣೆ, ಒಂದಿಷ್ಟು ಮೇಣ, ಬೇಕಾದಷ್ಟು ತಾಳ್ಮೆ ಇದ್ದರೆ ಬಹಳಷ್ಟು ಉಳಿಯುತ್ತದೆ. ಚೈನು, ಟೈರು, ಬ್ರೇಕಿನ ರಬ್ಬರು ಬದಲಾಯಿಸಿ ಓಡಿಸಿ, ಯಾರು ಬೇಡವೆಂದರು? ಅವು ಸವೆಯಲೆಂದೇ ಇರುವಂಥವು.

ಬಣ್ಣ ಪೂರ್ತಿ ಹೋದ ಫ್ರೇಮಿಗೆ ಹೊಸ ಡಿಕಾಲ್ ಅಂಟಿಸುವುದನ್ನೂ ನಾನು ವಿರೋಧಿಸುವುದಿಲ್ಲ. ಆದರೆ ಮೂರು ಷರತ್ತು. ಮೊದಲು ಉಳಿದ ಗುರುತುಗಳನ್ನೆಲ್ಲ ಅಳತೆ ಸಮೇತ ಫೋಟೋ ತೆಗೆದಿಡಿ. ಆಮೇಲೆ ಸೈಕಲ್ಲು ಯಾವ ಕಾರ್ಖಾನೆಯದು, ಯಾವ ಕಾಲದ್ದು ಎಂದು ತಿಳಿದು ಅದಕ್ಕೆ ತಕ್ಕದ್ದನ್ನೇ ಹಾಕಿ. ಕೊನೆಗೆ, ಇದು ಮರುಮುದ್ರಣ ಎಂದು ಎಲ್ಲಾದರೂ ಒಂದು ಕಡೆ, ಸೀಟಿನಡಿಯಲ್ಲಾದರೂ, ಇಸವಿ ಸಮೇತ ಬರೆಯಿರಿ. ಮರುಮುದ್ರಣವಾಗುವುದು ಅವಮಾನವಲ್ಲ. ಮೂಲಪ್ರತಿಯೆಂದು ನಟಿಸುವುದು ಅವಮಾನ.

ಬರ್ಮಿಂಗ್‌ಹ್ಯಾಮ್ ಡಿಕಾಲನ್ನು ಕಿತ್ತು ಹಾಕಿದ್ದೇನೆ. ಸೀಟಿನಡಿಯಲ್ಲಿ ಈ ಸೈಕಲ್ಲಿಗೆ ಯಾವಾಗ, ಯಾರು, ಏನು ಮಾಡಿದರೆಂದು ಬರೆದಿದ್ದೇನೆ, ನನ್ನ ಹೆಸರನ್ನೂ ಸೇರಿಸಿ. ಚೈನ್ ಕವರಿನ ಮೇಲೆ ಅಜ್ಜನ ಹೆಸರು ಮತ್ತೆ ಬರೆಸೋಣ ಎಂದು ತಮ್ಮ ಹೇಳಿದ. ಪೇಂಟರಿಗೆ ಒತ್ತಕ್ಷರ ಸ್ವಲ್ಪ ಕೆಳಗೆ ಬರಲಿ ಎಂದು ಹೇಳಿದರಾಯಿತು ಎಂದೂ ಅಂದ. ನಾನು ಬೇಡ ಎಂದೆ. ಅಲ್ಲಿ ಈಗ ಇರುವುದು ಗ್ರಂಥಪಾತ. ಅದನ್ನು ಖಾಲಿಯೇ ಬಿಡಬೇಕು.