ಲ್ಯಾಬ್ ರೆಕಾರ್ಡಿನಲ್ಲಿ ಸುಳ್ಳು ಯಾಕೆ?

ನಮ್ಮ ಸಿರುಗುಪ್ಪ ಕಡೆ ಭತ್ತ ಮಾರುವಾಗ ತೇವಾಂಶದ ಮೀಟರ್ ಮೇಲೇ ಎಲ್ಲರ ಕಣ್ಣು. ಒಂದು ಪಾಯಿಂಟ್ ಆಚೀಚೆ ಆದ್ರೆ ನಮ್ಮಪ್ಪ "ಇನ್ನೊಮ್ಮೆ ಇಟ್ಟು ನೋಡ್ರಿ" ಅಂತಾನೆ. ಅದೇ ಅಪ್ಪನ ಮಗನಾದ ನಾನು ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನಲ್ಲಿ ಲೇಸರ್ ಪ್ರಯೋಗದ ಉತ್ತರ ಮೊದಲೇ ಬರೆದು, ರೀಡಿಂಗುಗಳನ್ನು ಹಿಂದಿನಿಂದ ಲೆಕ್ಕ ಹಾಕಿ ತುಂಬಿದವನು. ಫುಲ್ ಮಾರ್ಕ್ಸ್ ಬಂತು. ನಗಬೇಡಿ, ನೀವೂ ಮಾಡಿದ್ದೀರಿ.

ಇಟಲಿಯ ಪಿವಿಲಾಸ್ ಪ್ರಯೋಗದ ಬಗ್ಗೆ ಓದಿದ ಮೇಲೆ ನಾಚಿಕೆಯಾಯ್ತು. ಅವರ ಪ್ರಶ್ನೆ ಇಷ್ಟೇ: ಖಾಲಿ ಜಾಗದ ಮೇಲೆ ಕಾಂತಕ್ಷೇತ್ರ ಏನಾದರೂ ಪರಿಣಾಮ ಮಾಡ್ತದಾ? 1936ರಲ್ಲಿ ಹೈಸನ್‌ಬರ್ಗ್ ಮತ್ತು ಆಯ್ಲರ್ ಕೊಟ್ಟ ಸಿದ್ಧಾಂತದ ಪ್ರಕಾರ ಹೌದು. ಕ್ಷೇತ್ರಕ್ಕೆ ಸಮಾಂತರವಾಗಿ ಧ್ರುವೀಕರಣಗೊಂಡ ಬೆಳಕು, ಲಂಬವಾಗಿ ಧ್ರುವೀಕರಣಗೊಂಡ ಬೆಳಕಿಗಿಂತ ಒಂಚೂರು ನಿಧಾನ. ಎಷ್ಟು? 2.5 ಟೆಸ್ಲಾ ಕ್ಷೇತ್ರದಲ್ಲಿ ವಕ್ರೀಭವನಾಂಕದ ವ್ಯತ್ಯಾಸ ದಶಮಾಂಶ ಬಿಂದುವಾದ ಮೇಲೆ 22 ಸೊನ್ನೆ, ಆಮೇಲೆ 25!

ಇದನ್ನು ಹಿಡಿಯೋಕೆ ಅವರು 3.3 ಮೀಟರ್ ದೂರದ ಎರಡು ಕನ್ನಡಿಗಳ ನಡುವೆ ಲೇಸರನ್ನು ಓಡಾಡಿಸಿ ಪರಿಣಾಮವನ್ನು ನಾಲ್ಕು ಲಕ್ಷಕ್ಕೂ ಹೆಚ್ಚು ಪಟ್ಟು ಹಿಗ್ಗಿಸಿದರು. ಗದ್ದಲದಿಂದ ಸಿಗ್ನಲ್ ಬೇರೆ ಮಾಡಲು, ಜೊಳ್ಳಿನಿಂದ ಕಾಳು ತೂರಿದ ಹಾಗೆ, ಅಯಸ್ಕಾಂತಗಳನ್ನೇ ತಿರುಗಿಸಿದರು.

2006ರಲ್ಲಿ ಇದೇ ತಂಡಕ್ಕೆ ದೊಡ್ಡ ಸಿಗ್ನಲ್ ಒಂದು ಸಿಕ್ಕಿತ್ತು. ಹೊಸ ಕಣವೇ ಇರಬಹುದು ಅಂತ ಜಗತ್ತೆಲ್ಲ ಚರ್ಚೆ. ಆದರೆ ಅವರು ಉಪಕರಣ ಸುಧಾರಿಸಿ ಮತ್ತೆ ಅಳೆದರು, ಸಿಗ್ನಲ್ ಮಾಯ. "ಅದು ನಮ್ಮ ಉಪಕರಣದ್ದೇ ತಪ್ಪು" ಅಂತ ತಾವೇ ಪ್ರಕಟಿಸಿದರು. 25 ವರ್ಷದ ದುಡಿಮೆಯ ವರದಿ 2020ರಲ್ಲಿ ಬಂತು: ಪರಿಣಾಮ ಕಂಡಿಲ್ಲ, ಅಳತೆಯ ಅನಿಶ್ಚಿತತೆ ನಿರೀಕ್ಷಿತ ಮೌಲ್ಯದ ಸುಮಾರು ಏಳು ಪಟ್ಟು.

"25 ವರ್ಷ ದಂಡ" ಅಂತೀರಾ? ನಾನು ಒಪ್ಪಲ್ಲ. ಮುಂದಿನವರು ಎಲ್ಲಿಂದ ಶುರು ಮಾಡಬೇಕು ಅನ್ನೋದು ಈಗ ಗೊತ್ತಿದೆ. ಸುಳ್ಳು ರೀಡಿಂಗ್ ಆಗಿದ್ದರೆ ಅದೂ ಇರ್ತಿರಲಿಲ್ಲ.

ನಮ್ಮಲ್ಲೂ ಇಂಥ ಕೆಲಸ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಪೋಲಿಕ್ಸ್ ಉಪಕರಣ 2024ರ ಜನವರಿ 1ರಂದು ಇಸ್ರೋದ ಎಕ್ಸ್‌ಪೋಸ್ಯಾಟ್ ಜೊತೆ ಮೇಲೇರಿತು. ನ್ಯೂಟ್ರಾನ್ ನಕ್ಷತ್ರದಂಥ ಆಕಾಶಕಾಯಗಳಿಂದ ಬರುವ ಎಕ್ಸ್-ಕಿರಣಗಳ ಧ್ರುವೀಕರಣ ಅಳೆಯೋದು ಅದರ ಕೆಲಸ. ಅಂಥ ಕಡೆ ಕೆಲಸಕ್ಕೆ ಸೇರೋ ಆಸೆ ನಮಗಿದೆ. ಅಭ್ಯಾಸ ಮಾತ್ರ ರೆಕಾರ್ಡ್ ತಿದ್ದೋದು.

ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ: ಹತ್ತು ಅಂಕದಲ್ಲಿ ಮೂರನ್ನು "ರೀಡಿಂಗ್ ಯಾಕೆ ತಪ್ಪಿತು" ಅನ್ನೋ ವಿವರಣೆಗೆ ಇಡಿ. ಗೆಳೆಯರೇ, ಅವರು ಇಡದಿದ್ದರೂ ಮುಂದಿನ ಲ್ಯಾಬಿನಲ್ಲಿ ಬಂದದ್ದನ್ನೇ ಬರೆಯೋಣ. ಸರಿ ಬರದಿದ್ದರೆ ಅಪ್ಪನ ಮಾತಿದೆ: ಇನ್ನೊಮ್ಮೆ ಇಟ್ಟು ನೋಡ್ರಿ.