ಉತಾರ ಓದಬಲ್ಲವನಿಗೆ ಕೆಲಸವಿಲ್ಲವೇ?

ರೋಣ, ನರಗುಂದ, ಗಜೇಂದ್ರಗಡದ ಪದವೀಧರ ಯುವಕ ಯುವತಿಯರು ಗೃಹಸಾಲದ ಕಡತ ಪರಿಶೀಲಿಸುವ ಹುದ್ದೆಯ ಸಂದರ್ಶನಕ್ಕೆಂದು ನಸುಕಿನ ಬಸ್ಸು ಹಿಡಿದು ಗದಗಕ್ಕೋ ಹುಬ್ಬಳ್ಳಿಗೋ ಹೋಗುತ್ತಾರೆ. ಸಂಜೆ ಸಪ್ಪೆ ಮೋರೆ ಹಾಕಿಕೊಂಡು ಮರಳುತ್ತಾರೆ. ಏನಾಯಿತೆಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಇಂಗ್ಲಿಷ್‌ನ್ಯಾಗ ನಿಮ್ಮ ಬಗ್ಗೆ ಹೇಳ್ರಿ ಅಂದ್ರು. ತಡವರಿಸಿದೆ. ಆಮ್ಯಾಲೆ ತಿಳಸ್ತೀವಿ ಅಂದ್ರು." ಆ 'ತಿಳಸ್ತೀವಿ'ಯ ಅರ್ಥ ಈಗ ನಮ್ಮ ತಾಯಂದಿರಿಗೂ ಗೊತ್ತಾಗಿದೆ.

ನಮ್ಮ ಪ್ರಶ್ನೆ ಇಷ್ಟೇ. ಈ ಹುದ್ದೆಯ ಕೆಲಸವಾದರೂ ಏನು? ಅರ್ಜಿದಾರನ ಆದಾಯ ನೋಡಬೇಕು, ಹಳೆಯ ಸಾಲದ ಕಂತುಗಳ ಲೆಕ್ಕ ಹಾಕಬೇಕು, ಅಡವಿಡುವ ಮನೆಯ ಕಾಗದಪತ್ರ ತಾಳೆ ನೋಡಬೇಕು. ಉತಾರ, ಖರೀದಿ ಪತ್ರ, ವಾಟ್ನಿ ಪತ್ರ, ಪಂಚಾಯಿತಿಯ ನಮೂನೆ 9 ಮತ್ತು 11, ಇವೆಲ್ಲ ಇರುವುದು ಕನ್ನಡದಲ್ಲಿ. ತಂದೆ ತೀರಿದ ಮೇಲೆ ವಾರಸಾ ಹಚ್ಚಿಸಲು ಕಚೇರಿಗಳಿಗೆ ಅಲೆದ, ಸೊಸೈಟಿಯ ಬೋಜಾ ತೆಗೆಸಲು ಸರದಿಯಲ್ಲಿ ನಿಂತ ಹುಡುಗನಿಗೆ ಅವು ಬಾಯಿಪಾಠ. 1980ರಲ್ಲಿ ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದುನಿಂತ ನರಗುಂದಕ್ಕೆ ಜಮೀನಿನ ಮೇಲಿನ ಬಾಕಿ ಎಂದರೇನೆಂದು ಯಾರೂ ಪಾಠ ಹೇಳಬೇಕಿಲ್ಲ. ಆಸ್ತಿಯ ಬೆಲೆಯಲ್ಲಿ ಶೇಕಡಾ ಎಷ್ಟು ಸಾಲ ಕೊಡಬಹುದೆಂಬ ನಿಯಮವನ್ನು ಒಂದು ವಾರದಲ್ಲಿ ಕಲಿಸಬಹುದು. ಉತಾರ ಓದುವ ಅನುಭವವನ್ನು ವಾರದಲ್ಲಿ ಕೊಡಲಾದೀತೇ?

ಇದು ಕೇವಲ ನಿರುದ್ಯೋಗಿಯ ಗೋಳಲ್ಲ, ಸಾಲ ಕೇಳುವವನ ಗೋಳೂ ಹೌದು. ಉತಾರದಲ್ಲಿ 'ಹುಸೇನಸಾಬ', ಆಧಾರದಲ್ಲಿ 'ಹುಸೇನ್ ಸಾಹೇಬ್', ಪಾಸ್‌ಬುಕ್ಕಿನಲ್ಲಿ ಬರೀ 'ಹುಸೇನ್'. ಊರು ಬಲ್ಲವನು ಒಂದು ಅಫಿಡವಿಟ್ ತರಿಸಿ ಕಡತವನ್ನು ಮುಂದೆ ಸಾಗಿಸುತ್ತಾನೆ. ಊರು ಅರಿಯದವನು ಒಬ್ಬನಲ್ಲಿ ಮೂವರನ್ನು ಕಂಡು ಕಡತ ಮುಚ್ಚುತ್ತಾನೆ. ಮುಸ್ಲಿಮರು ಹೆಚ್ಚಾಗಿರುವ ಹಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು 'ನಕಾರಾತ್ಮಕ ವಲಯ'ಗಳೆಂದು ಗುರುತಿಸಿದ್ದವು, ಅಲ್ಲಿ ಸಾಲ ಸುಲಭವಾಗಿ ಸಿಗುತ್ತಿರಲಿಲ್ಲ ಎಂದು 2006ರ ಸಾಚಾರ್ ಸಮಿತಿ ವರದಿ ದಾಖಲಿಸಿದೆ. ಹೀಗಿರುವಾಗ ಕಡತದ ಮುಂದಿನ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದು ಸಣ್ಣ ಮಾತೇ?

ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಸಾಲಗಾರನೊಂದಿಗೆ ಅವನ ಪ್ರಾದೇಶಿಕ ಭಾಷೆಯಲ್ಲಿ ಅಥವಾ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವ್ಯವಹರಿಸಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆಯೇ ಹೇಳುತ್ತದೆ. ಗಿರಾಕಿಗೆ ಕನ್ನಡ ಬೇಕು, ಕಾಗದ ಕನ್ನಡದ್ದು. ಆದರೆ ನೌಕರನನ್ನು ಅಳೆಯುವುದು ಮಾತ್ರ ಇಂಗ್ಲಿಷ್ ಮಾತಿನ ಠೀವಿಯಿಂದ! ಇದ್ಯಾವ ನ್ಯಾಯ?

"ಬಡ್ಡಿಯ ವ್ಯವಹಾರದ ಕೆಲಸಕ್ಕೆ ಇಷ್ಟೇಕೆ ಹಂಬಲ?" ಎಂದು ನಮ್ಮವರೇ ಕೇಳಬಹುದು. ಬಡ್ಡಿಯ ಬಗ್ಗೆ ಕುರ್‌ಆನಿನ ನಿಲುವು ಸ್ಪಷ್ಟವಾಗಿದೆ. ಅಲ್ಲಾಹನ ಭಯದಿಂದ ಈ ಹುದ್ದೆಯೇ ಬೇಡವೆಂದು ಹಿಂದೆ ಸರಿದ ಯುವಕರ ಬಗ್ಗೆ ನಮಗೆ ಗೌರವವಿದೆ. ಆದರೆ ಬೇಡವೆನ್ನುವ ಹಕ್ಕು ಅವರದ್ದಾಗಿರಬೇಕು. ಭಾಷೆಯ ನೆಪದಲ್ಲಿ ಬಾಗಿಲು ಹಾಕುವವರದ್ದಲ್ಲ. ಅಲ್ಲದೆ ಇದೇ ಸಂದರ್ಶನದಿಂದ ಬರಿಗೈಯಲ್ಲಿ ಮರಳುವವರಲ್ಲಿ ಲಿಂಗಾಯತ, ಕುರುಬ, ದಲಿತ ಮನೆಗಳ ಮಕ್ಕಳೂ ಇದ್ದಾರೆ.

ಇಂಗ್ಲಿಷ್ ಕಲಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಖಂಡಿತ ಕಲಿಯಿರಿ. ಲಕ್ಷಗಟ್ಟಲೆ ಖರ್ಚು ಮಾಡಿ ಶಾದಿಮಹಲ್ ಕಟ್ಟುವ ಜಮಾಅತ್‌ಗಳು ಅದರದೊಂದು ಕೋಣೆಯಲ್ಲಿ ಸಂಜೆ ತರಗತಿ ನಡೆಸಲಿ. ಸಂದರ್ಶನ ನಡೆಸುವವರಿಗೂ ನಮ್ಮದೊಂದು ವಿನಂತಿಯಿದೆ: ಮುಂದಿನ ಸಲ ಅಭ್ಯರ್ಥಿಯ ಮುಂದೆ ಒಂದು ಉತಾರ ಇಟ್ಟು, "ಈ ಮನೆಯ ಮೇಲೆ ಸಾಲ ಕೊಡಬಹುದೇ, ಯಾಕೆ?" ಎಂದು ಕೇಳಿ. ಯಾರು ಯೋಗ್ಯರೆಂಬುದು ಆಗ ನಿಮಗೇ ತಿಳಿಯುತ್ತದೆ.